ಆಂಡಿ ಮಿಲ್ಲಿಗನ್ ಬ್ಲೂ-ರೇ ಪೆಟ್ಟಿಗೆ: ಕೊಳ್ಳುವ ಮುನ್ನ, ಕೊಂಡ ಮೇಲೆ

ಅಮೆರಿಕದ ಅಗ್ಗದ ಬಜೆಟ್ಟಿನ ಭಯಾನಕ ಚಿತ್ರಗಳ ನಿರ್ದೇಶಕ ಆಂಡಿ ಮಿಲ್ಲಿಗನ್ನನ ಸಿನಿಮಾ ಹಾಕಿದ ಹತ್ತು ನಿಮಿಷಕ್ಕೇ ಹೊಸಬರು ರಿಮೋಟ್ ಹುಡುಕುತ್ತಾರೆ. ಒಬ್ಬನ ಮುಖ ಹೋಗಿ ಇನ್ನೊಬ್ಬಳ ಮುಖ ಬಂದರೂ ಹಳೆಯ ದನಿ ಒಂದು ಕ್ಷಣ ಹಾಗೇ ಓಡುತ್ತದೆ, ಅವಳ ಮೊದಲ ಮಾತು ಅರ್ಧ ನುಂಗಿಹೋಗಿರುತ್ತದೆ. ಡಿಸ್ಕ್ ಕೆಟ್ಟಿದೆ ಎಂದು ವಾಪಸ್ ಕಳಿಸಲು ಹೊರಡಬೇಡಿ. ಇದು ಕ್ಯಾಮೆರಾದ ಕೆಲಸ.

ಆಂಡಿ ಮಿಲ್ಲಿಗನ್ (1929–1991) ತನ್ನ ಬಹುಪಾಲು ಚಿತ್ರಗಳನ್ನು ತೆಗೆದದ್ದು 16 ಎಂಎಂ ಆರಿಕಾನ್ ಕ್ಯಾಮೆರಾದಲ್ಲಿ. ಅದು ಟಿವಿ ಸುದ್ದಿಯವರ ಯಂತ್ರ. ಚಿತ್ರ, ಶಬ್ದ ಎರಡೂ ಒಂದೇ ಫಿಲ್ಮಿನ ಮೇಲೆ ಒಟ್ಟಿಗೇ ದಾಖಲಾಗುತ್ತವೆ, ಆದರೆ ಒಂದೇ ಜಾಗದಲ್ಲಲ್ಲ. 16 ಎಂಎಂನ ಆಪ್ಟಿಕಲ್ ಶಬ್ದ (ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಅಚ್ಚಾಗುವ ದನಿ) ತನ್ನ ಚಿತ್ರಕ್ಕಿಂತ 26 ಫ್ರೇಮ್ ಮುಂದಿರುತ್ತದೆ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅದು ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಹಾಗಾಗಿ ಚಿತ್ರ ನೋಡಿ ಕತ್ತರಿ ಹಾಕಿದರೆ ಹೊಸ ಶಾಟಿನ ಮೊದಲ ಸೆಕೆಂಡಿನ ಶಬ್ದ ಕತ್ತರಿಯ ಆಚೆ ಉಳಿದು ಕಸದ ಬುಟ್ಟಿಗೆ ಹೋಗುತ್ತದೆ, ಹಳೆಯ ಶಾಟಿನ ಬಾಲದ ಶಬ್ದ ಹೊಸ ಮುಖದ ಮೇಲೆ ಬಂದು ಕೂರುತ್ತದೆ. ಸುದ್ದಿಯವರು ಮಾತಿಗೆ ಮುಂಚೆ ಒಂದು ಕ್ಷಣ ಸುಮ್ಮನಿದ್ದು ಇದನ್ನು ನಿಭಾಯಿಸುತ್ತಿದ್ದರು. ಶಬ್ದವನ್ನು ಬೇರೆ ಟೇಪಿಗೆ ಇಳಿಸಿಕೊಂಡು ಸಂಕಲನ ಮಾಡುವ ದಾರಿಯೂ ಇತ್ತು. ಮಿಲ್ಲಿಗನ್ನನ ನಟರಾದರೋ ಒಬ್ಬರ ಮೇಲೊಬ್ಬರು ಬಿದ್ದು ಕಿರುಚಾಡುವವರು, ಒಂದು ಚಿತ್ರದ ಇಡೀ ಬಜೆಟ್ಟು ಹತ್ತರಿಂದ ಇಪ್ಪತ್ತು ಸಾವಿರ ಡಾಲರ್ ಆಸುಪಾಸು. ಎಲ್ಲವನ್ನೂ ಸರಿಪಡಿಸುತ್ತ ಕೂರಲು ದುಡ್ಡೆಲ್ಲಿತ್ತು?

ಸಂಗ್ರಾಹಕರು ಇಂಥ ಚಿತ್ರಗಳಿಗೆ ಮನಸೋಲುವುದು ಇಲ್ಲಿಯೇ. ‘ಕೆಟ್ಟದ್ದಾದರೂ ಮಜಾ’ ಎಂಬ ಮಾತು ಈ ಮನುಷ್ಯನಿಗೆ ಹೊಂದುವುದಿಲ್ಲ. ಇವನ ಚಿತ್ರಗಳು ನಗಿಸುವುದಕ್ಕಿಂತ ಹೆಚ್ಚಾಗಿ ಉಸಿರುಗಟ್ಟಿಸುತ್ತವೆ. ಹಿಡಿಸುವುದು ಬೇರೆ: ಚಿತ್ರ ಹೇಗೆ ತಯಾರಾಯಿತು ಎಂಬುದು ಪ್ರತಿ ಫ್ರೇಮಿನಲ್ಲೂ ಬಯಲಾಗಿ ಕಾಣುತ್ತದೆ. ಬರೆದವನು, ನಿರ್ದೇಶಿಸಿದವನು, ಕ್ಯಾಮೆರಾ ಹಿಡಿದವನು, ಕತ್ತರಿಸಿದವನು ಒಬ್ಬನೇ. ಬಟ್ಟೆ ಹೊಲಿದವನೂ ಅವನೇ. ವಸ್ತ್ರವಿನ್ಯಾಸಕ್ಕೆ ‘ರಾಫಿನೆ’ ಎಂಬ ಹೆಸರು ಕಂಡರೆ ಅದು ಮಿಲ್ಲಿಗನ್ನನೇ ಎಂದು ತಿಳಿಯಿರಿ. ನ್ಯೂಯಾರ್ಕಿನಲ್ಲಿ ಬಟ್ಟೆ ಅಂಗಡಿ ನಡೆಸಿದವನಿಗೆ ಸೂಜಿದಾರ ಹೊಸದಲ್ಲ. ನ್ಯೂಯಾರ್ಕಿಗೇ ಸೇರಿದ ಸ್ಟೇಟನ್ ಐಲೆಂಡಿನ ಹಳೆ ಮನೆಯೇ ಒಂದು ಚಿತ್ರದಲ್ಲಿ ಹತ್ತೊಂಬತ್ತನೇ ಶತಮಾನದ ಬಂಗಲೆ, ಇನ್ನೊಂದರಲ್ಲಿ ರಕ್ತಪಿಶಾಚಿಯ ಬೀಡು. ಪರದೆ ಬಟ್ಟೆಯಿಂದ ಹೊಲಿದ ನಿಲುವಂಗಿಯ ಅಂಚು ಬ್ಲೂ-ರೇಯಲ್ಲಿ ಎಳೆ ಎಳೆಯಾಗಿ ಕಾಣುತ್ತದೆ. ಹಳೇ ವಿಎಚ್‌ಎಸ್ ಟೇಪಿನಲ್ಲಿ ಅದು ಬರೀ ಕಂದು ಕಲೆ.

ಈಗ ಕೊಳ್ಳುವ ಸರಕಿನ ವಿಚಾರ. ಮುಖ್ಯವಾದ ಮೂರು ಪ್ರಕಟಣೆಗಳಿವೆ. ದೊಡ್ಡದು ಅಮೆರಿಕದ ಸೆವೆರಿನ್ ಫಿಲ್ಮ್ಸ್ 2021ರಲ್ಲಿ ತಂದ ‘ದಿ ಡಂಜನ್ ಆಫ್ ಆಂಡಿ ಮಿಲ್ಲಿಗನ್’ ಎಂಬ ಪೆಟ್ಟಿಗೆ. ಉಳಿದುಬಂದ ಚಿತ್ರಗಳಲ್ಲಿ ಹೆಚ್ಚಿನವು ಅದರಲ್ಲೇ ಇವೆ, ಜೊತೆಗೆ ಸ್ಟೀಫನ್ ಥ್ರೋವರ್ ಬರೆದ ಪುಸ್ತಕವಿದೆ. ಎರಡನೆಯದು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ (ಬಿಎಫ್‌ಐ) ಫ್ಲಿಪ್‌ಸೈಡ್ ಮಾಲೆಯಲ್ಲಿ 2012ರಲ್ಲಿ ಬಂದ ‘ನೈಟ್‌ಬರ್ಡ್ಸ್’. ಅದೇ ಸಂಪುಟದಲ್ಲಿ ‘ದಿ ಬಾಡಿ ಬಿನೀತ್’ ಕೂಡ ಇದೆ. ಮೂರನೆಯದು ವಿನೆಗರ್ ಸಿಂಡ್ರೋಮ್ ಸಂಸ್ಥೆ ತಂದ ‘ಫ್ಲೆಶ್‌ಪಾಟ್ ಆನ್ 42ನೇ ಸ್ಟ್ರೀಟ್’ (1973).

ಮೊದಲು ಯಾವುದು? ಪೆಟ್ಟಿಗೆಯ ಆಸೆ ಎಷ್ಟೇ ಇರಲಿ, ‘ಫ್ಲೆಶ್‌ಪಾಟ್’ನಿಂದ ಶುರುಮಾಡಿ. ರಾಕ್ಷಸರಿಲ್ಲ, ರಟ್ಟಿನ ತಲೆಗಳಿಲ್ಲ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಸುತ್ತಮುತ್ತ ಮೈಮಾರಿ, ಕದ್ದು ಬದುಕುವ ಹೆಣ್ಣೊಬ್ಬಳು, ಅವಳ ಜೊತೆ ಹೆಣ್ಣುವೇಷದ ಗೆಳೆಯನೊಬ್ಬ. ನೀಲ್ ಫ್ಲಾನಗನ್ ಮಾಡಿರುವ ಆ ಗೆಳೆಯನ ಪಾತ್ರಕ್ಕಾಗಿಯೇ ಡಿಸ್ಕ್ ಕೊಳ್ಳಬಹುದು. ಆ ಕಾಲದ 42ನೇ ಬೀದಿ ಈಗಿಲ್ಲ. ಏಳನೇ ಮತ್ತು ಎಂಟನೇ ಅವೆನ್ಯೂಗಳ ನಡುವೆ ಸಾಲಾಗಿದ್ದ ಅಗ್ಗದ ಚಿತ್ರಮಂದಿರಗಳನ್ನು ತೆರವು ಮಾಡಿ ಎಷ್ಟೋ ವರ್ಷವಾಯಿತು. ಮಿಲ್ಲಿಗನ್ ಚಿತ್ರಗಳು ಓಡಿದ್ದೂ ಅಂಥ ಮಂದಿರಗಳಲ್ಲೇ. ಅಲ್ಲಿನ ಗಿರಾಕಿಗೆ ಅಲ್ಲಿನದೇ ಕತೆ ತೋರಿಸಿದ ಚಿತ್ರ ಇದು.

‘ನೈಟ್‌ಬರ್ಡ್ಸ್’ ಎರಡನೆಯದು. 1960ರ ದಶಕದ ಕೊನೆಗೆ ಮಿಲ್ಲಿಗನ್ ಲಂಡನ್ನಿಗೆ ಹೋಗಿ ಕೆಲವು ಚಿತ್ರಗಳನ್ನು ತೆಗೆದ. ಅವುಗಳಲ್ಲಿ ಕಪ್ಪುಬಿಳುಪಿನದು ಇದು. ಒಂದು ಹರಕು ಕೋಣೆ, ಒಬ್ಬ ಹುಡುಗ, ಒಬ್ಬಳು ಹುಡುಗಿ, ಅವಳು ಅವನನ್ನು ನಿಧಾನವಾಗಿ ಹಿಂಡಿ ಹಾಕುವುದು, ಅಷ್ಟೇ. ಹುಡುಗನಾಗಿ ನಟಿಸಿರುವ ಬರ್ವಿಕ್ ಕೇಲರ್ ಮುಂದೆ ಯಾರ್ಕ್ ಥಿಯೇಟರ್ ರಾಯಲ್‌ನ ಕ್ರಿಸ್‌ಮಸ್ ಪ್ಯಾಂಟೊಮೈಮ್ ಎಂಬ ಹಾಸ್ಯನಾಟಕಗಳಲ್ಲಿ ದಶಕಗಳ ಕಾಲ ಹೆಣ್ಣುವೇಷದಲ್ಲಿ ನಗಿಸಿ ಊರಿಗೇ ಬೇಕಾದವನಾದ. ಈ ಚಿತ್ರದ ಪ್ರಿಂಟನ್ನು ದುಡ್ಡು ಕೊಟ್ಟು ಕೊಂಡು, ಬಿಎಫ್‌ಐ ಕೈಗೆ ಕೊಟ್ಟು ಉಳಿಸಿದವನು ‘ಡ್ರೈವ್’ ಚಿತ್ರದ ನಿರ್ದೇಶಕ ನಿಕೊಲಸ್ ವೈಂಡಿಂಗ್ ರೆಫ್ನ್. ಸಂಗ್ರಾಹಕನ ಹುಚ್ಚಿನಿಂದ ಆಗುವ ಉಪಕಾರ ಇಂಥದ್ದು. ಮಿಲ್ಲಿಗನ್ನನ ಎಷ್ಟೋ ಚಿತ್ರಗಳ ಒಂದೇ ಒಂದು ಪ್ರತಿಯೂ ಈ ತನಕ ಸಿಕ್ಕಿಲ್ಲ.

ಜೊತೆಯ ‘ದಿ ಬಾಡಿ ಬಿನೀತ್’ನಲ್ಲಿ ಲಂಡನ್ನಿನ ಹೈಗೇಟ್ ಸ್ಮಶಾನದ ನಿಜವಾದ ಗೋರಿಗಳಿವೆ, ಪಾದ್ರಿವೇಷದ ರಕ್ತಪಿಶಾಚಿ ಇದ್ದಾನೆ. ಸ್ಮಶಾನದ ದೃಶ್ಯಗಳು ಚೆನ್ನ. ನಡುವೆ ಮಾತು ಜಾಸ್ತಿ.

ಇನ್ನು ಪೆಟ್ಟಿಗೆ. ಒಂದೇ ವಾರದಲ್ಲಿ ಎಲ್ಲ ನೋಡಿ ಮುಗಿಸುವ ಸಾಹಸ ಬೇಡ. ಮೂರನೆಯದಕ್ಕೇ ತಲೆ ಸಿಡಿಯುತ್ತದೆ. ‘ದಿ ಘಾಸ್ಟ್ಲಿ ಒನ್ಸ್’ (1968) ಮೊದಲು. ಆಸ್ತಿಗಾಗಿ ಹಳೆ ಮನೆಯಲ್ಲಿ ಸೇರುವ ಅಕ್ಕತಂಗಿಯರು ಮತ್ತವರ ಗಂಡಂದಿರು, ಒಬ್ಬೊಬ್ಬರದೇ ಕೊಲೆ. ಇದೇ ಚಿತ್ರ ಬ್ರಿಟನ್ನಿನಲ್ಲಿ ‘ಬ್ಲಡ್ ರೈಟ್ಸ್’ ಎಂಬ ಹೆಸರಿನ ವಿಡಿಯೊ ಆಗಿ ಬಂದು, 1980ರ ದಶಕದಲ್ಲಿ ಸರ್ಕಾರಿ ವಕೀಲರು ಮಾಡಿದ 72 ‘ವಿಡಿಯೊ ನ್ಯಾಸ್ಟಿ’ಗಳ (ಅಶ್ಲೀಲವೆಂದು ಮೊಕದ್ದಮೆ ಹೂಡಬಹುದಾದ ವಿಡಿಯೊಗಳ) ಪಟ್ಟಿಗೆ ಸೇರಿತು. ಆ 72ರಲ್ಲಿ ಅಶ್ಲೀಲ ಎಂದು ನ್ಯಾಯಾಲಯದಲ್ಲಿ ತೀರ್ಮಾನವಾದ 39ರಲ್ಲಿ ಇದೂ ಒಂದು. ಜನ ನೋಡದಿರಲಿ ಎಂದು ಮಾಡಿದ ಪಟ್ಟಿಯೇ ಸಂಗ್ರಾಹಕರ ಕೈಗೆ ಸಿಕ್ಕಿ ಸಾಮಾನು ಚೀಟಿಯಾಯಿತು. ಇವತ್ತಿಗೂ 72ನ್ನೂ ಕಪಾಟಿಗೆ ತುಂಬಿಸಬೇಕೆಂದು ಹಟ ಹಿಡಿದವರಿದ್ದಾರೆ.

ಆಮೇಲೆ ‘ಸೀಡ್ಸ್’ (1968). ಗಾಲಿಕುರ್ಚಿಯ ತಾಯಿ, ಕ್ರಿಸ್‌ಮಸ್‌ಗೆ ಬರುವ ಮಕ್ಕಳು, ಎಲ್ಲರಿಗೂ ಎಲ್ಲರ ಮೇಲೆ ವಿಷ. ಮಿಲ್ಲಿಗನ್ನನ ಹಗೆಯೆಲ್ಲ ಕುಟುಂಬದ ಮೇಲೇ, ಅದರಲ್ಲೂ ತಾಯಂದಿರ ಮೇಲೆ. ಈ ಚಿತ್ರಕ್ಕೆ ವಿತರಕರು ಮಿಲ್ಲಿಗನ್ ತೆಗೆಯದ ಹಾಸಿಗೆ ದೃಶ್ಯಗಳನ್ನು ತುರುಕಿ ‘ಸೀಡ್ಸ್ ಆಫ್ ಸಿನ್’ ಎಂದು ಓಡಿಸಿದರು. ನಮ್ಮಲ್ಲಿ ಬೆಳಗಿನ ಆಟಕ್ಕೆ ‘ಬಿಟ್’ ಸೇರಿಸುತ್ತಿದ್ದರಲ್ಲ, ಅದೇ ವ್ಯಾಪಾರ. ತುರುಕಿದ್ದು ಎಲ್ಲಿ ಎಂದು ಕಂಡುಹಿಡಿಯುವುದು ಸುಲಭ: ಬೆಳಕು ಬದಲಾಗುತ್ತದೆ, ಮುಖ ಕಾಣುವುದಿಲ್ಲ, ಹಿಂದಿನ ಗೋಡೆ ಬೇರೆ.

ಐತಿಹಾಸಿಕ ವೇಷದವುಗಳಲ್ಲಿ ‘ಟಾರ್ಚರ್ ಡಂಜನ್’ (1970) ಉತ್ತಮ. ಮಧ್ಯಯುಗದ ಇಂಗ್ಲೆಂಡನ್ನು ಸ್ಟೇಟನ್ ಐಲೆಂಡಿನ ಹುಲ್ಲುಗಾವಲಿನಲ್ಲಿ ನಡೆಸುವ ಧೈರ್ಯಕ್ಕೇ ಒಂದು ಸಲಾಮು. ಗಿರಾಕಿಗಳ ಕತ್ತು ಕುಯ್ಯುವ ಲಂಡನ್ನಿನ ಕ್ಷೌರಿಕ ಸ್ವೀನಿ ಟಾಡ್ ಕತೆಯ ‘ಬ್ಲಡ್‌ಥರ್ಸ್ಟಿ ಬುಚರ್ಸ್’ (1970) ನಿಧಾನ, ಆದರೆ ಲಂಡನ್ನಿನ ಮಬ್ಬು ಬೆಳಕು ಕತೆಗೆ ಒಗ್ಗಿದೆ. ‘ದಿ ರ‍್ಯಾಟ್ಸ್ ಆರ್ ಕಮಿಂಗ್! ದಿ ವೇರ್‌ವುಲ್ವ್ಸ್ ಆರ್ ಹಿಯರ್!’ (1972) ಹೆಸರಿನಲ್ಲೇ ಅರ್ಧ ಕತೆಯಿದೆ: ಲಂಡನ್ನಿನಲ್ಲಿ ತೆಗೆದ ತೋಳಮಾನವನ ಚಿತ್ರ ತೆಳುವಾಯಿತೆಂದು, 1971ರಲ್ಲಿ ‘ವಿಲ್ಲರ್ಡ್’ ಎಂಬ ಇಲಿ ಚಿತ್ರ ದುಡ್ಡು ಮಾಡಿದ್ದನ್ನು ನೋಡಿ, ಇಲಿಗಳ ಭಾಗವನ್ನು ಆಮೇಲೆ ತೆಗೆದು ಅಂಟಿಸಿದ್ದು. ಅಂಟು ಎದ್ದು ಕಾಣುತ್ತದೆ. ಒಂದು ಎಚ್ಚರಿಕೆ: ಆ ಭಾಗದಲ್ಲಿ ಇಲಿಗೆ ಮಾಡುವ ಹಿಂಸೆ ನಟನೆಯಲ್ಲ. ಅದು ಬೇಡವೆನ್ನುವವರು ಈ ಚಿತ್ರವನ್ನೇ ಬಿಟ್ಟುಬಿಡಿ, ಕಳೆದುಕೊಳ್ಳುವುದೇನಿಲ್ಲ. ‘ಕಾರ್ನೇಜ್’ (1984) ಮತ್ತು ಆಚೆಯವು ಪೂರ್ತಿ ಸಂಗ್ರಹ ಬೇಕೆನ್ನುವವರಿಗೆ ಮಾತ್ರ.

‘ವೇಪರ್ಸ್’ (1965) ಎಂಬ ಅರ್ಧ ಗಂಟೆಯ ಕಪ್ಪುಬಿಳುಪು ಚಿತ್ರವನ್ನಂತೂ ಬಿಡಬೇಡಿ. ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಎಂಬ, ಸಲಿಂಗಿ ಗಂಡಸರು ಸೇರುತ್ತಿದ್ದ ಸ್ನಾನಗೃಹದಲ್ಲಿ ಭೇಟಿಯಾದ ಇಬ್ಬರು ಗಂಡಸರು ಮಾತಾಡುತ್ತಾರೆ. ಮುಟ್ಟುವುದಕ್ಕಿಂತ ಮಾತೇ ಹೆಚ್ಚು. ಬರೆದವಳು ಹೋಪ್ ಸ್ಟಾನ್ಸ್‌ಬರಿ. ಮಿಲ್ಲಿಗನ್ ನ್ಯೂಯಾರ್ಕಿನ ಕಾಫೆ ಚೀನೋ ಎಂಬ ಕಾಫಿ ಅಂಗಡಿಯ ಪುಟ್ಟ ರಂಗದಿಂದ ಬಂದವನೆಂಬುದು ಇಲ್ಲಿ ಗೊತ್ತಾಗುವಷ್ಟು ಬೇರೆಲ್ಲೂ ಗೊತ್ತಾಗುವುದಿಲ್ಲ.

ಈಗ ಡಿಸ್ಕಿನ ಗುಣಮಟ್ಟ. 16 ಎಂಎಂ ಫ್ರೇಮಿನ ವಿಸ್ತೀರ್ಣ ಸುಮಾರು 77 ಚದರ ಮಿಲಿಮೀಟರ್. 35 ಎಂಎಂ ಅದರ ನಾಲ್ಕೂವರೆ ಪಟ್ಟು. ಚಿಕ್ಕದನ್ನು ದೊಡ್ಡದಕ್ಕೆ ಹಿಗ್ಗಿಸಿ ಥಿಯೇಟರ್ ಪ್ರಿಂಟ್ ಮಾಡಿದರೆ ಗ್ರೇನ್, ಅಂದರೆ ಫಿಲ್ಮಿನ ಸಣ್ಣ ಕಣಗಳು, ರವೆಯಂತೆ ಕಾಣುವುದು ಸಹಜ. ಗ್ರೇನ್ ಎಂದರೆ ಪ್ರತಿ ಫ್ರೇಮಿನಲ್ಲೂ ಹೊಸದಾಗಿ ಚದುರುವ ವಿವರ, ಹಾಗಾಗಿ ಅದಕ್ಕೆ ಡೇಟಾ ಬಹಳ ಬೇಕು. ಸೆಕೆಂಡಿಗೆ 30 ಮೆಗಾಬಿಟ್ ಕೊಟ್ಟರೆ 80 ನಿಮಿಷದ ಚಿತ್ರಕ್ಕೆ ಸುಮಾರು 18 ಜಿಬಿ. 50 ಜಿಬಿಯ ಎರಡು ಪದರದ ಡಿಸ್ಕಿನಲ್ಲಿ ಅಂಥವು ಎರಡು, ಮೇಲೊಂದಿಷ್ಟು ಸಂದರ್ಶನ ಆರಾಮಾಗಿ ಹಿಡಿಯುತ್ತವೆ. ಅದೇ ಚಿತ್ರವನ್ನು 5 ಮೆಗಾಬಿಟ್ ಸ್ಟ್ರೀಮಿಂಗಿಗೆ ಇಳಿಸಿದರೆ 3 ಜಿಬಿ. ಆಗ ಗ್ರೇನ್ ಹೋಗಿ ಕತ್ತಲಲ್ಲಿ ಚೌಕ ಚೌಕದ ಕಲೆ ಉಳಿಯುತ್ತದೆ. ಇಂಥ ಸಿನಿಮಾಕ್ಕೆ ಡಿಸ್ಕೇ ಬೇಕು ಎನ್ನುವುದು ಬರೀ ಶೋಕಿಯಲ್ಲ.

ಹಾಳಾಗಿ ಕಾಣುವುದೆಲ್ಲ ಒಂದೇ ಕಾರಣಕ್ಕಲ್ಲ. ಯಾವುದು ಫಿಲ್ಮಿನದು, ಯಾವುದು ಡಿಸ್ಕಿನದು, ಯಾವುದು ನಿಮ್ಮ ಟಿವಿಯದು ಎಂದು ಬಿಡಿಸಿಕೊಂಡರೆ ದೂರುವ ಮುಂಚೆ ಅರ್ಧ ಸಮಾಧಾನ ಸಿಗುತ್ತದೆ. ಇಡೀ ಚಿತ್ರ ಗುಲಾಬಿಗೆ ತಿರುಗಿದ್ದರೆ ಅದು ಪ್ರಿಂಟಿನ ವಯಸ್ಸು: 1980ರ ದಶಕಕ್ಕೆ ಮುಂಚಿನ ಈಸ್ಟ್‌ಮನ್ ಬಣ್ಣದ ಪ್ರಿಂಟುಗಳಲ್ಲಿ ಸಯಾನ್ (ನೀಲಿಹಸಿರು) ಬಣ್ಣ ಮೊದಲು ಮಾಸುತ್ತದೆ, ಕೆಂಪು ಛಾಯೆ ಉಳಿಯುತ್ತದೆ. ಮೂಲ ನೆಗೆಟಿವ್ ಇಲ್ಲದೆ ಓಡಿದ ಪ್ರಿಂಟನ್ನೇ ಸ್ಕ್ಯಾನ್ ಮಾಡಬೇಕಾದಾಗ ಬಣ್ಣ ತಿದ್ದುವವರು ಮುಖದ ಬಣ್ಣ ಮರಳಿಸಬಹುದು, ನೆರಳಿನದು ಪೂರ್ತಿ ಬಾರದು. ಉದ್ದಕ್ಕೆ ಹಸಿರು ಗೆರೆ ಕಂಡರೆ ಅದು ಪ್ರಿಂಟಿನ ಗೀರು. ಮೇಲಿನ ಮೆಜೆಂಟಾ (ನೇರಳೆಗೆಂಪು) ಪದರ ಕಿತ್ತುಬಂದಾಗ ಹಾಗೆ ಕಾಣುತ್ತದೆ. ಬಿಳಿ ಚುಕ್ಕೆ ನೆಗೆಟಿವಿನ ಮೇಲೆ ಕೂತಿದ್ದ ದೂಳು, ಕರಿ ಚುಕ್ಕೆ ಪ್ರಿಂಟಿನ ಮೇಲಿನದು. ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಗೀರು, ಜಿಗಿತ ಎರಡೂ ಹೆಚ್ಚಾದರೆ ರೀಲು ಮುಗಿಯಿತೆಂದು ಅರ್ಥ. ರೀಲಿನ ತಲೆ, ಬಾಲಗಳೇ ಹೆಚ್ಚು ಕೈ ತಿಂದಿರುತ್ತವೆ. ಬಲಮೂಲೆಯಲ್ಲಿ ಮಿಂಚಿ ಮಾಯವಾಗುವ ದುಂಡು ಗುರುತು ಪ್ರೊಜೆಕ್ಟರ್ ಬದಲಿಸುವವನಿಗೆ ಸನ್ನೆ. ಸಂಗೀತ ನಡುವೆಯೇ ತುಂಡಾಗಿ ಬೇರೆ ರಾಗ ಶುರುವಾದರೆ ಅದೂ ಮೂಲದಲ್ಲೇ ಹಾಗೆ. ಲೈಬ್ರರಿಯಿಂದ ಅಗ್ಗಕ್ಕೆ ತಂದ ಸಂಗೀತದ ತುಂಡುಗಳವು. ಕೊಲೆ ಬಂದಾಗ ಕ್ಯಾಮೆರಾ ಗಿರಗಿರ ತಿರುಗಿ ಏನೂ ಕಾಣದಂತಾದರೆ ಗಾಬರಿ ಬೇಡ, ಅದು ಮಿಲ್ಲಿಗನ್ನನ ರುಜು.

ಅಕ್ಕಪಕ್ಕದ ಗೆರೆಗಳು ಬಾಚಣಿಗೆಯ ಹಲ್ಲಿನಂತೆ ಕಂಡರೆ ಆ ಭಾಗ ಹಳೆ ಟೇಪಿನಿಂದ ಬಂದದ್ದು. ಮುಖಗಳು ಮೇಣದ ಗೊಂಬೆಯಂತಿದ್ದರೆ ಮೊದಲು ಟಿವಿಯನ್ನೇ ಅನುಮಾನಿಸಿ. ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಹಾಕಿ. ನಾಯ್ಸ್ ರಿಡಕ್ಷನ್ ಎಂಬ ಹೆಸರಿನದೆಲ್ಲ ಬಂದ್. ಅದು ಎರಡು ಮೂರು ಕಡೆ ಅಡಗಿರುತ್ತದೆ, ಪ್ಲೇಯರಿನ ಮೆನುವಿನಲ್ಲೂ ಒಮ್ಮೆ ನೋಡಿ. ಮೋಷನ್ ಸ್ಮೂದಿಂಗ್ ಬಂದ್. ಶಾರ್ಪ್‌ನೆಸ್ ಸೊನ್ನೆಗೆ, ಸೋನಿ ಟಿವಿಗಳಲ್ಲಿ ಮಾತ್ರ 50 ಎಂದರೆ ತಟಸ್ಥ, ಸೊನ್ನೆಗೆ ಇಳಿಸಿದರೆ ಮಂಕಾಗುತ್ತದೆ. ಪ್ಲೇಯರಿನಲ್ಲಿ 24ಪಿ (ಸೆಕೆಂಡಿಗೆ 24 ಫ್ರೇಮ್) ಔಟ್‌ಪುಟ್ ಚಾಲೂ ಇರಲಿ. ಚೌಕಾಕಾರದ ಚಿತ್ರದ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆಂದು ಜೂಮ್ ಒತ್ತಬೇಡಿ, ತಲೆಗಳು ಕತ್ತರಿಸಿಹೋಗುತ್ತವೆ.

ಇಂಥ ಸಂಸ್ಥೆಗಳ ಒಂದು ನಿಲುವು ಮೆಚ್ಚಬೇಕಾದ್ದು: ಗೀರುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಉಜ್ಜಿ ಚರ್ಮ ಸುಲಿಯುವುದಿಲ್ಲ. ದೊಡ್ಡ ಸ್ಟುಡಿಯೋಗಳ ಎಷ್ಟೋ ಹಳೆ ಚಿತ್ರಗಳಿಗೆ ಈ ಮರ್ಯಾದೆ ಸಿಕ್ಕಿಲ್ಲ.

ಭಾರತಕ್ಕೆ ತರಿಸುವವರಿಗೆ ನಾಲ್ಕು ಮಾತು. ಬ್ಲೂ-ರೇ ಡಿಸ್ಕಿಗೆ ಜಗತ್ತನ್ನು ಮೂರು ವಲಯವಾಗಿ ಹಂಚಿದ್ದಾರೆ: ಅಮೆರಿಕ ‘ಎ’, ಬ್ರಿಟನ್ ‘ಬಿ’, ಭಾರತ ‘ಸಿ’. ಇಲ್ಲಿ ಕೊಂಡ ಸಾದಾ ಪ್ಲೇಯರ್ ವಲಯ ಬೀಗ ಹಾಕಿದ ‘ಎ’ ಅಥವಾ ‘ಬಿ’ ಡಿಸ್ಕನ್ನು ಓದುವುದಿಲ್ಲ. ಸಣ್ಣ ಸಂಸ್ಥೆಗಳ ಡಿಸ್ಕುಗಳಲ್ಲಿ ಬೀಗವಿಲ್ಲದವೂ ಸಾಕಷ್ಟಿವೆ, ಆದರೆ ಒಂದೇ ಸಂಸ್ಥೆಯಲ್ಲೂ ಶೀರ್ಷಿಕೆಯಿಂದ ಶೀರ್ಷಿಕೆಗೆ ಬದಲಾಗುತ್ತದೆ. ಮಾರುವ ಪುಟದಲ್ಲಿ ವಲಯದ ಸಾಲನ್ನು ಓದದೆ ದುಡ್ಡು ಕಟ್ಟಬೇಡಿ. ಡಿವಿಡಿಗೆ ಬೇರೆ ಲೆಕ್ಕ, ಭಾರತ ಅಲ್ಲಿ ಐದನೇ ವಲಯ. ಮೂರ್ನಾಲ್ಕಕ್ಕಿಂತ ಹೆಚ್ಚು ಕೊಳ್ಳುವ ಯೋಚನೆಯಿದ್ದರೆ ಎಲ್ಲ ವಲಯ ಓದುವ ಪ್ಲೇಯರಿಗೆ ಮೊದಲು ದುಡ್ಡು ಹಾಕುವುದೇ ಲೇಸು.

ಸುಂಕವನ್ನು ಲೆಕ್ಕ ಹಾಕುವುದು ಡಿಸ್ಕಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಖರ್ಚು ಸೇರಿಸಿ. ಭಾರವಾದ ಪೆಟ್ಟಿಗೆಗೆ ಇದು ಹೊಡೆತ. ಅಶ್ಲೀಲ ಸಾಮಗ್ರಿ ತರಿಸುವುದನ್ನು 1964ರ ಜನವರಿಯ ಕಸ್ಟಮ್ಸ್ ಅಧಿಸೂಚನೆ ನಿಷೇಧಿಸುತ್ತದೆ. ಯಾವುದು ಅಶ್ಲೀಲ ಎಂಬುದು ಪೆಟ್ಟಿಗೆ ಬಿಚ್ಚಿದ ಅಧಿಕಾರಿಯ ಎಣಿಕೆ. ‘ಫ್ಲೆಶ್‌ಪಾಟ್’, ‘ಸೀಡ್ಸ್’ ಎರಡರಲ್ಲೂ ಬೆತ್ತಲೆ ಧಾರಾಳ, ಅಪಾಯ ಅರಿತೇ ತರಿಸಿ. ವಿದೇಶದಲ್ಲಿರುವ ಕನ್ನಡಿಗರಿಗೆ ಈ ತಾಪತ್ರಯವಿಲ್ಲ. ನವೆಂಬರಿನ ಬ್ಲ್ಯಾಕ್ ಫ್ರೈಡೇ ಮಾರಾಟ ಕಾಯುವುದಷ್ಟೇ ಅವರ ಕೆಲಸ, ಸೆವೆರಿನ್ ಮತ್ತು ವಿನೆಗರ್ ಸಿಂಡ್ರೋಮ್ ಎರಡೂ ಆಗ ಬೆಲೆ ಇಳಿಸುತ್ತವೆ.

ಬಂದ ದಿನವೇ ಪರೀಕ್ಷಿಸಿ, ಬದಲಿಸಿಕೊಳ್ಳುವ ಗಡುವು ಚಿಕ್ಕದು. ನಡುವಿನ ರಂಧ್ರದ ಸುತ್ತ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಪೆಟ್ಟಿಗೆಯೊಳಗೆ ಡಿಸ್ಕನ್ನು ಹಿಡಿದಿಡುವ ಬಿಗಿಯಾದ ಗುಬ್ಬಿಯಿಂದ ಬಲವಂತವಾಗಿ ಎಳೆದಾಗ ಆಗುವುದು ಅದೇ. ತೆಗೆಯುವಾಗ ಗುಬ್ಬಿ ಒತ್ತಿ ಹಿಡಿದು ಅಂಚನ್ನು ಮೆಲ್ಲಗೆ ಎತ್ತಬೇಕು. ರಟ್ಟಿನ ಸೀಳಿನಲ್ಲಿಟ್ಟ ಡಿಸ್ಕಾದರೆ ಅಂಚಿನ ಗೀರು ಸಾಮಾನ್ಯ. ಎರಡು ಪದರದ ಬ್ಲೂ-ರೇಯಲ್ಲಿ ಮೊದಲ ಪದರ ಒಳಗಿನಿಂದ ಹೊರಗೆ, ಎರಡನೆಯದು ಹೊರಗಿನಿಂದ ಒಳಗೆ ಓದಿಸಿಕೊಳ್ಳುತ್ತದೆ. ಹೀಗಾಗಿ ಅಂಚಿನ ಏಟು ಕಾಣಿಸಿಕೊಳ್ಳುವುದು ಡಿಸ್ಕಿನ ನಟ್ಟನಡುವೆ. ಎರಡು ಚಿತ್ರದ ಡಿಸ್ಕಿನಲ್ಲಿ ಮೊದಲನೆಯದರ ಕೊನೆಯ ಹತ್ತು ನಿಮಿಷ, ಎರಡನೆಯದರ ಮೊದಲ ಹತ್ತು ನಿಮಿಷ ಓಡಿಸಿದರೆ ಬಹುಮಟ್ಟಿಗೆ ಪರೀಕ್ಷೆ ಮುಗಿದಂತೆ. ಕರಾವಳಿ, ಮಲೆನಾಡಿನವರಿಗೆ ಡಿಸ್ಕಿಗಿಂತ ಪುಸ್ತಕ ಮತ್ತು ರಟ್ಟಿನ ಕವಚದ್ದೇ ಚಿಂತೆ: ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕಪಾಟು ಗೋಡೆಗೆ ಅಂಟಿಸದೆ, ಸಿಲಿಕಾ ಜೆಲ್ ಪೊಟ್ಟಣ ತಿಂಗಳಿಗೊಮ್ಮೆ ಒಣಗಿಸಿ ಇಡಿ.

ದುಡ್ಡಿಗೆ ತಕ್ಕ ಬೆಲೆಯೇ? ‘ಫ್ಲೆಶ್‌ಪಾಟ್’ ಹೌದು. ‘ನೈಟ್‌ಬರ್ಡ್ಸ್’ ಸಿಕ್ಕಿದ ಬೆಲೆಗೆ ಹೌದು. ಪೆಟ್ಟಿಗೆಯಲ್ಲಿ ನಾಲ್ಕೈದು ಚಿತ್ರ ಮತ್ತೆ ಮತ್ತೆ ನೋಡುವಂಥವು, ಇನ್ನು ನಾಲ್ಕೈದು ಒಮ್ಮೆ ನೋಡುವಂಥವು, ಉಳಿದವು ಕಪಾಟಿನ ಅಂದಕ್ಕೆ. ‘ಫ್ಲೆಶ್‌ಪಾಟ್’, ‘ನೈಟ್‌ಬರ್ಡ್ಸ್’ ಎಂಬ ಆ ಮೊದಲೆರಡು ಡಿಸ್ಕ್ ನೋಡಿದ ಮೇಲೂ ಆ ನಿಲುವಂಗಿಯ ಹೊಲಿಗೆಯ ಮೇಲೆ ಕಣ್ಣು ಹೋಗದವರು ಪೆಟ್ಟಿಗೆ ಕೊಳ್ಳುವುದು ಬೇಡ.